ಹೊಸ ದೊಡ್ಡ ಡೀಸೆಲ್ ಇಂಜಿನನ್ನು ಚಾಲೂ ಮಾಡಿ ಪಳಗಿಸುವ ಕ್ರಮ

ಬಾವಿಯಿಂದ ನೀರೆತ್ತುವುದಕ್ಕೆ ಹಿಂದಿನ ಕಾಲದಲ್ಲಿ ಏತ, ಕಪಿಲೆಗಳೇ ಸಾಧನಗಳಾಗಿದ್ದುವು. ಈಗ ವಿದ್ಯುತ್ ಪಂಪುಗಳು ಬಂದಿರುವುವಾದರೂ, ತಂತಿಯು ಮುಟ್ಟದ ಜಮೀನುಗಳಲ್ಲಿಯೂ ಹೊಳೆ ಹಳ್ಳಗಳ ದಡಗಳಲ್ಲಿಯೂ ಡೀಸೆಲ್ ಇಂಜಿನೇ ಆಧಾರವಾಗಿರುವುದುಂಟು. ಬಾವಿಯ ನೀರು ಕೆಳಗಿಳಿದಾಗ, ಅಥವಾ ತೋಟವನ್ನು ವಿಸ್ತರಿಸಿದಾಗ, ೫ ಅಶ್ವಶಕ್ತಿಯ ಹಳೆಯ ಇಂಜಿನನ್ನು ತೆಗೆದು ೮ ಅಥವಾ ೧೦ ಅಶ್ವಶಕ್ತಿಯದನ್ನು ಕೂಡಿಸುತ್ತಾರೆ. ಇದಕ್ಕೆ ತಗಲುವ ಹಣವು ಅಲ್ಪವಲ್ಲ. ಸಾಲಮಾಡಿ ಕೊಳ್ಳುವವರೇ ಬಹುಮಂದಿ. ಒಂದೇ ತಯಾರಿಕೆಯ ಎರಡು ಇಂಜಿನುಗಳಲ್ಲಿ ಒಂದು ಅನೇಕ ವರ್ಷ ದುಡಿಯುವುದು. ಇನ್ನೊಂದು ಎರಡನೆಯ ಬೇಸಿಗೆಗೇ ಆಯಿಲು ಕುಡಿದು ಹೊಗೆಯುಗುಳುವುದು. ಇದಕ್ಕೆ ತಯಾರಕನನ್ನೇ ದೂರುವುದು ವಾಡಿಕೆ. ಆದರೆ ಅನೇಕವೇಳೆ ಕಾರಣವಿರುವುದು ಆ ಇಂಜಿನನ್ನು ಮೊದಲ ೫೦ ಗಂಟೆಗಳಲ್ಲಿ ನಡೆಸಿದ ರೀತಿಯಲ್ಲಿ.

ಎಷ್ಟು ದೊಡ್ಡದು ಬೇಕು?

ಅಗತ್ಯಕ್ಕೆ ಮೀರಿದ ಇಂಜಿನು ಲಾಭಕರವಲ್ಲ. ಸೆಕೆಂಡಿಗೆ ಎಷ್ಟು ಲೀಟರ್ ನೀರು ಬೇಕೋ ಅದನ್ನು, ಒಟ್ಟು ಎಷ್ಟು ಮೀಟರ್ ಎತ್ತರಕ್ಕೆ ಏರಿಸಬೇಕೋ ಅದರಿಂದ ಗುಣಿಸಿ, ೭೫ರಿಂದ ಭಾಗಿಸಿದರೆ ನೀರಿಗೆ ಬೇಕಾದ ಅಶ್ವಶಕ್ತಿಯು ದೊರೆಯುವುದು. ೧೦ ಲೀಟರ್ ನೀರನ್ನು ೧೫ ಮೀಟರ್ ಏರಿಸಲು ೨ ಅಶ್ವಶಕ್ತಿ ಬೇಕು. ಪಂಪು ತಾನು ಪಡೆದ ಶಕ್ತಿಯಲ್ಲಿ ಅರ್ಧವನ್ನೇ ನೀರಿಗೆ ಕೊಡುವುದೆಂದೆಣಿಸಿದರೆ ೪ ಆಗುವುದು. ಬೆಲ್ಟಿನ ನಷ್ಟವೂ ಸೇರಿದರೆ ೫ರ ಇಂಜಿನು ಸಾಕು. ಎತ್ತರವು ೨೫ ಮೀಟರಾದರೆ ಇದೇ ಲೆಕ್ಕದಿಂದ ೮ರದು ಬೇಕಾಗುವುದು. ಆ ಎತ್ತರಕ್ಕೆ ತಕ್ಕ ಪಂಪೂ ಬೇಕು. ಇಂಜಿನು ದೊಡ್ಡದಾದ ಮಾತ್ರಕ್ಕೆ ಪಂಪು ಹೆಚ್ಚು ಆಳದಿಂದ ನೀರನ್ನು ಹೀರಲಾರದೆಂಬುದನ್ನೂ ಮರೆಯಲಾಗದು. ಹೀರುವ ಆಳವು ೬–೭ ಮೀಟರಿಗೆ ಮೀರಿದರೆ ಪಂಪನ್ನೇ ಬಾವಿಯೊಳಗೆ ಕೆಳಗಿಳಿಸಿ ಕೂಡಿಸಬೇಕು.

ಪುಲ್ಲಿಯ ಲೆಕ್ಕ

ಕೈಯಿಂದ ಚಾಲೂ ಮಾಡುವ ಇಂಜಿನುಗಳಲ್ಲಿ ಎರಡು ಬಗೆಯವು ಬಳಕೆಯಲ್ಲಿವೆ. ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಕಂಪೆನಿಯವರು ೧೯೩೦ರ ಸುಮಾರಿಗೆ ತಂದ ಮಾದರಿಯವು ನಿಧಾನವಾಗಿ, ಮಿನಿಟಿಗೆ ೬೫೦ ಸುತ್ತಿನಷ್ಟು, ತಿರುಗುವುವು. ಇದನ್ನನುಸರಿಸಿದ ಇಂಜಿನುಗಳು ಗುಜರಾತಿನ ರಾಜಕೋಟೆಯಲ್ಲಿ ತಯಾರಾಗಿ ನಮ್ಮ ದೇಶದಲ್ಲೆಲ್ಲ ಹರಡಿದುವು. ಇನ್ನೊಂದು ಬಗೆಯವು ೧೫೦೦ ಸುತ್ತಿನವು. ಮೊದಲ ಬಗೆಯದನ್ನು ತೆಗೆದು ಎರಡನೆಯದನ್ನು ಕೂಡಿಸುವಾಗ ಹಳೆಯ ಪುಲ್ಲಿಯನ್ನೇ ಉಳಿಸಿಕೊಳ್ಳುವುದು ಅಪಾಯಕರ. ಇಂಜಿನಿನ ಸುತ್ತನ್ನು ಅದರ ಪುಲ್ಲಿಯ ಅಗಲದಿಂದ ಗುಣಿಸಿ ಪಂಪಿನ ಪುಲ್ಲಿಯ ಅಗಲದಿಂದ ಭಾಗಿಸಿದರೆ ಪಂಪಿನ ಸುತ್ತು ತಿಳಿಯುವುದು. ೬೫೦ ಸುತ್ತಿನ ಇಂಜಿನಿಗೆ ೨೨ ಅಂಗುಲದ ಪುಲ್ಲಿ, ಪಂಪಿಗೆ ೧೦ ಅಂಗುಲದ್ದು ಇದ್ದರೆ ಪಂಪು ೧೪೩೦ ಸುತ್ತು ತಿರುಗುವುದು. ಅದೇ ಪುಲ್ಲಿಯನ್ನು ೧೫೦೦ ಸುತ್ತಿನ ಇಂಜಿನಿಗೆ ಹಾಕಿದರೆ ೩೩೦೦ ಸುತ್ತಾಗಿ ಪಂಪು ಒಡೆದುಹೋದೀತು. ವೇಗವು ಹತ್ತರಲ್ಲೊಂದು ಪಾಲು ಹೆಚ್ಚಿದರೇ ಪಂಪು ಬಯಸುವ ಶಕ್ತಿಯು ಮೂರರಲ್ಲೊಂದು ಪಾಲು ಹೆಚ್ಚುವುದು. ಆದಕಾರಣ ಪಂಪಿನ ಮೇಲೆ ನಮೂದಿಸಿದ ವೇಗಕ್ಕೆ ಸರಿಯಾಗಿ ಪುಲ್ಲಿಯನ್ನು ಗೊತ್ತುಮಾಡತಕ್ಕದ್ದು.

ಪಳಗಿಸುವುದೆಂದರೇನು?

ಹೊಸ ಹೋರಿಯ ಹೆಗಲಿಗೆ ಮೊದಲ ದಿನವೇ ತುಂಬಿದ ಗಾಡಿಯನ್ನು ಯಾರೂ ಹೂಡುವುದಿಲ್ಲ. ಹಾಗೆಂದು ಕೊಟ್ಟಿಗೆಯಲ್ಲಿಯೇ ಕಟ್ಟಿದ್ದರೆ ಅದು ಎಂದಿಗೂ ಪಳಗದು. ಇಂಜಿನಿಗೂ ಈ ನ್ಯಾಯವೇ ಸಲ್ಲುವುದು. ಸಿಲಿಂಡರಿನ ಒಳಮೈ ನುಣುಪಾಗಿ ತೋರಿದರೂ ಅದರಲ್ಲಿ ಅಡ್ಡಡ್ಡವಾಗಿ ಹೆಣೆದ ಸೂಕ್ಷ್ಮ ಗೀರುಗಳಿರುತ್ತವೆ. ಆಯಿಲು ನಿಲ್ಲುವುದು ಇವುಗಳಲ್ಲಿಯೇ. ಪಿಸ್ಟನಿನ ರಿಂಗುಗಳು ಮೊದಮೊದಲು ಈ ಮೈಯ ಉಬ್ಬುಗಳನ್ನು ಮಾತ್ರ ಮುಟ್ಟುತ್ತವೆ. ಡೀಸೆಲ್ ಉರಿದಾಗ ಹುಟ್ಟುವ ಅನಿಲದ ಒತ್ತಡವು ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುವುದರಿಂದ ಉಬ್ಬುಗಳು ಸವೆದು ಎರಡೂ ಮೈಗಳು ಒಂದಕ್ಕೊಂದು ಹೊಂದಿಕೊಳ್ಳುವುವು.

ಹೊರೆಯಿಲ್ಲದೆ ಓಡಿಸಿದರೆ ಈ ಒತ್ತಡವು ಸಾಲದು. ಆಗ ಆಯಿಲು ಗೋಡೆಯ ಮೇಲೆಯೇ ಸುಟ್ಟು ಗಾಜಿನಂತೆ ಮೆರುಗು ಕಟ್ಟುವುದು. ರಿಂಗು ಅದರ ಮೇಲೆ ಜಾರುವುದೇ ವಿನಾ ಹೊಂದಿಕೊಳ್ಳದು. ಒಮ್ಮೆ ಹೀಗಾದರೆ ಇಂಜಿನನ್ನು ಬಿಚ್ಚಿ ಸಿಲಿಂಡರನ್ನು ಮತ್ತೆ ಉಜ್ಜಿಸುವ ಹೊರತು ಬೇರೆ ದಾರಿಯಿಲ್ಲ. ಮೊದಲ ದಿನವೇ ಪೂರ್ಣ ಹೊರೆ ಹೊರಿಸಿದರೆ ಉಬ್ಬುಗಳು ಅತಿಯಾಗಿ ಕಾಯ್ದು, ಒಂದಕ್ಕೊಂದು ಹತ್ತಿಕೊಂಡು ಗೋಡೆಯು ಗೀರಿಹೋಗುವುದು. ಸಣ್ಣ ಪಂಪಿಗೆ ದೊಡ್ಡ ಇಂಜಿನನ್ನು ಕಟ್ಟಿದವರಿಗೆ ಮೊದಲನೆಯ ಕೇಡೇ ಹೆಚ್ಚಾಗಿ ತಗಲುವುದು.

ಚಾಲೂ ಮಾಡುವ ಕ್ರಮ

(೧) ತಳಹದಿಯ ಬೋಲ್ಟುಗಳನ್ನು ಬಿಗಿದು, ತಯಾರಕರು ಹೇಳಿದ ದರ್ಜೆಯ ಹೊಸ ಆಯಿಲನ್ನು ಕಡ್ಡಿಯ ಗುರುತಿನವರೆಗೆ ತುಂಬತಕ್ಕದ್ದು. ಗುರುತಿಗೆ ಮೀರಿಯೂ ತುಂಬಲಾಗದು.

(೨) ಡೀಸೆಲನ್ನು ಸೋಸಿ ಹಾಕಿ, ಫಿಲ್ಟರಿನ ಬಳಿಯ ತಿರುಪನ್ನು ಸಡಿಲಿಸಿ ಗುಳ್ಳೆಗಳು ನಿಲ್ಲುವ ತನಕ ಗಾಳಿಯನ್ನು ಹೊರಬಿಡತಕ್ಕದ್ದು. ಹೊಸ ಇಂಜಿನು ಹತ್ತದಿರುವುದಕ್ಕೆ ಬಹುವೇಳೆ ಈ ಗಾಳಿಯೇ ಕಾರಣ.

(೩) ಬೆಲ್ಟು ಹಾಕದೆ, ಡಿಕಂಪ್ರೆಶನ್ ಲಿವರನ್ನು ಎತ್ತಿಟ್ಟು, ಡೀಸೆಲ್ ಬಿಡದೆ ಹ್ಯಾಂಡಲಿನಿಂದ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿದರೆ ಆಯಿಲು ಬೇರಿಂಗುಗಳಿಗೆ ಹರಡುವುದು.

(೪) ಆಮೇಲೆ ಡೀಸೆಲ್ ಬಿಟ್ಟು ವೇಗವಾಗಿ ತಿರುಗಿಸಿ ಲಿವರನ್ನು ಬಿಡತಕ್ಕದ್ದು. ದೊಡ್ಡ ಇಂಜಿನಿನ ಫ್ಲೈವೀಲು ಭಾರವಾದ್ದರಿಂದ ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯಬಹುದು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲನ್ನು ಹಿಡಿಯತಕ್ಕದ್ದು. ಇಂಜಿನು ಹತ್ತಿದೊಡನೆ ಅದನ್ನು ತೆಗೆದಿಡತಕ್ಕದ್ದು. ಶಲ್ಯ, ಪಂಚೆಯ ಸೆರಗು, ಸಡಿಲವಾದ ಬಟ್ಟೆಗಳು ಬೆಲ್ಟಿನ ಹತ್ತಿರ ಸುಳಿಯಬಾರದು.

(೫) ಇಂಜಿನು ಬಾವಿಯೊಳಗಿನ ಗುಂಡಿಯಲ್ಲಿಯಾಗಲಿ ಮುಚ್ಚಿದ ಕೋಣೆಯಲ್ಲಿಯಾಗಲಿ ಇದ್ದರೆ ಹೊಗೆಯ ಕೊಳವೆಯನ್ನು ಬಯಲಿಗೆ ತರತಕ್ಕದ್ದು. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವೂ ಇರುವುದರಿಂದ, ಇಂಜಿನು ಓಡುತ್ತಿರುವಾಗ ಗುಂಡಿಗಿಳಿಯುವುದು ಪ್ರಾಣಾಪಾಯಕರ.

ಮೊದಲ ೫೦ ಗಂಟೆಗಳು

ತಯಾರಕರ ಪುಸ್ತಕದಲ್ಲಿ ಬೇರೆ ವಿಧಿಯಿದ್ದರೆ ಅದನ್ನೇ ಅನುಸರಿಸಬೇಕು. ಇಲ್ಲದಿದ್ದರೆ ಈ ಕೆಳಗಿನ ಕ್ರಮವು ಸುರಕ್ಷಿತವಾದುದು. ಬೆಲ್ಟಿಲ್ಲದೆ ಐದು ಹತ್ತು ಮಿನಿಟು ಮಾತ್ರ ಓಡಿಸಿ, ಆಯಿಲಿನ ಒತ್ತಡ, ಸೋರಿಕೆ, ಅಸಹಜ ಶಬ್ದಗಳನ್ನು ಪರೀಕ್ಷಿಸಿ ನಿಲ್ಲಿಸಬೇಕು. ತರುವಾಯ ಬೆಲ್ಟು ಹಾಕಿ, ಪಂಪಿಗೆ ನೀರು ತುಂಬಿ ಓಡಿಸಬೇಕು.

ಹೊರೆಯನ್ನು ಹದಮಾಡುವುದಕ್ಕೆ ಪಂಪಿನ ಮೇಲಣ ಗೇಟ್ ವಾಲ್ವೇ ಸಾಧನ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರು ಹರಿದಷ್ಟೂ ಹೊರೆಯು ಹೆಚ್ಚುವುದು. ಗೇಟು ಮುಚ್ಚಿದಷ್ಟೂ ಕಡಮೆಯಾಗುವುದು. ಮೊದಲ ೧೦ ಗಂಟೆಗಳಲ್ಲಿ ಗೇಟನ್ನು ಸ್ವಲ್ಪವೇ ತೆರೆದು ಸುಮಾರು ಅರ್ಧ ಹೊರೆಯಲ್ಲಿಯೂ, ೨೫ ಗಂಟೆಗಳವರೆಗೆ ಮುಕ್ಕಾಲು ಹೊರೆಯಲ್ಲಿಯೂ ನಡೆಸಿ, ಆಮೇಲೆ ಪೂರ್ಣ ಹೊರೆಗೆ ಮೆಲ್ಲಮೆಲ್ಲನೆ ಏರಿಸಬೇಕು. ಗೇಟನ್ನು ಪೂರ್ತಿ ಮುಚ್ಚಿ ಒಂದೆರಡು ಮಿನಿಟಿಗೆ ಮೀರಿ ಓಡಿಸಿದರೆ ಪಂಪಿನೊಳಗಣ ನೀರು ಕಾಯ್ದು ಪಂಪಿಗೇ ಕೇಡಾಗುವುದು.

ಮೊದಲ ದಿನ ಒಂದೆರಡು ಗಂಟೆಗೊಮ್ಮೆ ನಿಲ್ಲಿಸಿ ಆರಲು ಬಿಟ್ಟು, ಬೋಲ್ಟುಗಳನ್ನೂ ಬೆಲ್ಟಿನ ಬಿಗಿಯನ್ನೂ ನೋಡಬೇಕು. ನೀರಿನಿಂದ ತಂಪಾಗುವ ಇಂಜಿನಿನಲ್ಲಿ ಹೊರಬರುವ ನೀರು ೬೦–೭೦ ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುವುದು ಒಳ್ಳೆಯದು. ಬಾವಿಯ ತಣ್ಣೀರನ್ನು ಧಾರಾಳವಾಗಿ ಹರಿಸಿ ಇಂಜಿನನ್ನು ತಣ್ಣಗಿಡುವುದು ಹಿತವಲ್ಲ. ನೀರು ನಿಂತು ಕಾಯ್ದ ಇಂಜಿನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಎರಕವು ಬಿರಿಯುವುದು. ಪಳಗುವಾಗ ಸವೆದ ಲೋಹದ ಪುಡಿಯು ಆಯಿಲಿನಲ್ಲಿ ಸೇರುವುದರಿಂದ ೨೫ ಗಂಟೆಗಳಾದೊಡನೆ ಆಯಿಲನ್ನು ಬಿಸಿಯಾಗಿರುವಾಗಲೇ ಬಸಿದು ಹೊಸದನ್ನು ಹಾಕಬೇಕು. ಈ ಒಂದು ಬಾರಿಯ ಆಯಿಲಿನ ಖರ್ಚಿಗೆ ಹಿಂಜರಿದವರು ಮುಂದೆ ಬೇರಿಂಗುಗಳಿಗೆ ಹತ್ತುಪಟ್ಟು ತೆರಬೇಕಾದೀತು. ೫೦ ಗಂಟೆಗಳಾದಮೇಲೆ ವಾಲ್ವುಗಳ ಸಂದನ್ನೂ ಹೆಡ್ಡಿನ ನಟ್ಟುಗಳನ್ನೂ ಮೆಕ್ಯಾನಿಕ್ಕಿನಿಂದ ಸರಿಪಡಿಸಿಕೊಳ್ಳತಕ್ಕದ್ದು.

ಹೊಗೆಯ ಲಕ್ಷಣಗಳು

ಕಪ್ಪು ಹೊಗೆಯು ಅತಿಹೊರೆಯನ್ನು, ಇಲ್ಲವೆ ಗಾಳಿಯ ಕೊರತೆಯನ್ನು ತೋರಿಸುವುದು. ಕೂಡಲೆ ಗೇಟನ್ನು ಸ್ವಲ್ಪ ಮುಚ್ಚಿ ಏರ್ ಕ್ಲೀನರನ್ನು ನೋಡಬೇಕು. ನೀಲಿಯದು ಆಯಿಲು ಉರಿಯುತ್ತಿರುವುದರ ಗುರುತು. ಮೊದಲ ಗಂಟೆಗಳಲ್ಲಿ ಇದು ಸ್ವಲ್ಪ ಕಾಣಿಸಿದರೆ ಭಯವಿಲ್ಲ. ೫೦ ಗಂಟೆಗಳಾದರೂ ನಿಲ್ಲದಿದ್ದರೆ ರಿಂಗುಗಳು ಹೊಂದಿಕೊಂಡಿಲ್ಲವೆಂದು ತಿಳಿಯಬೇಕು. ಬಿಳಿಯ ಹೊಗೆಯು ತಣ್ಣಗಿರುವ ಇಂಜಿನಿನಲ್ಲಿ ಸಹಜ. ಬಿಸಿಯಾದಮೇಲೆಯೂ ಮುಂದುವರಿದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ನೀರು ಒಳಸೇರುತ್ತಿದೆ.

ಗ್ರಾಮದ ಮುಖ್ಯಸ್ಥರೂ ಜಮೀನುಳ್ಳವರೂ ಗಮನಿಸಬೇಕಾದ ಸಂಗತಿಯೊಂದುಂಟು. ಊರಿಗೆ ಹೊಸ ಇಂಜಿನು ಬಂದ ವಾರದಲ್ಲಿಯೇ, ಬೆಳೆ ಒಣಗುತ್ತಿರುವ ನೆರೆಯವರು ಎರವಲು ಕೇಳುವುದುಂಟು. ಇಲ್ಲವೆನ್ನಲು ದಾಕ್ಷಿಣ್ಯ ಬಿಡದು. ಆದರೆ ಕೈಯಿಂದ ಕೈಗೆ ಹೋಗಿ ಹಗಲಿರುಳೂ ಓಡಿದ ಇಂಜಿನಿನ ಗಂಟೆಗಳ ಲೆಕ್ಕವು ಯಾರಿಗೂ ಉಳಿಯದು. ಮೊದಲ ೫೦ ಗಂಟೆಗಳು ಕಳೆಯುವ ತನಕ ಇಂಜಿನನ್ನು ಒಬ್ಬನೇ ನೋಡಿಕೊಳ್ಳುವಂತೆ ಗೊತ್ತುಮಾಡಿ, ನಡೆಸಿದ ಗಂಟೆ, ಹಾಕಿದ ಡೀಸೆಲ್ ಮತ್ತು ಆಯಿಲುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿಸುವುದು ಮೇಲು. ದಿನಕ್ಕೆ ಐದು ಗಂಟೆಯಂತೆ ಹತ್ತೇ ದಿನಗಳ ಸಂಯಮವಿದು. ಅಷ್ಟು ದಿನ ಕಾಪಾಡಿದ ಇಂಜಿನು ಮುಂದಿನ ಅನೇಕ ಬೇಸಿಗೆಗಳಲ್ಲಿ ಒಡೆಯನಿಗೂ ನೆರೆಯವರಿಗೂ ನೀರು ಕೊಡುವುದು.