ದೋಸೆ ಹಿಟ್ಟಿನ ಗ್ರೈಂಡರ್‌ನಲ್ಲಿ ಚಾಕೊಲೇಟ್!

ಅಕ್ಕಿ, ಉದ್ದು ರುಬ್ಬುವ ಕಲ್ಲಿನ ಗ್ರೈಂಡರ್ ನಮ್ಮ ಅನೇಕ ಅಡುಗೆಮನೆಗಳಲ್ಲಿ ಕಾಣಸಿಗುತ್ತದೆ. ತಮಿಳುನಾಡಿನ ಕೊಯಮತ್ತೂರು ಇದರ ತವರು. ಇದೇ ಯಂತ್ರ ಸಮುದ್ರ ದಾಟಿಹೋಗಿ ಚಾಕೊಲೇಟ್ ತಯಾರಿಕೆಯಲ್ಲಿ ಸಣ್ಣದೊಂದು ಕ್ರಾಂತಿಗೆ ಕಾರಣವಾಯಿತೆಂದರೆ ಯಾರಿಗಾದರೂ ಅಚ್ಚರಿಯಾದೀತು.

ಕೊಕ್ಕೋ ಬೀಜದಿಂದ ಚಾಕೊಲೇಟ್ ತಯಾರಿಸುವುದು ಬಹುಕಾಲ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಸಣ್ಣ ತಯಾರಕರು ಸಾಮಾನ್ಯವಾಗಿ ಸಿದ್ಧ ಚಾಕೊಲೇಟ್ ಗಟ್ಟಿ ತರಿಸಿ, ಕರಗಿಸಿ, ಅಚ್ಚಿಗೆ ಹೊಯ್ದು ಮಾರುತ್ತಿದ್ದರಷ್ಟೆ. ಅವರಿಗೆ ಅಡ್ಡಿಯಾಗಿದ್ದುದು ನುಣುಪಿನ ಸಮಸ್ಯೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಚಾಕೊಲೇಟ್ ಕಣಗಳು ಸುಮಾರು 30 ಮೈಕ್ರಾನ್‌ಗಿಂತ ದೊಡ್ಡದಾದರೆ ನಾಲಿಗೆಗೆ ಮರಳು ತಗುಲಿದಂತಾಗುತ್ತದೆ. ಮಿಕ್ಸಿಯ ಬ್ಲೇಡು ಕತ್ತರಿಸಬಲ್ಲದೇ ಹೊರತು ಇಷ್ಟು ನುಣ್ಣಗೆ ಅರೆಯಲಾರದು.

2000ದ ದಶಕದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ರಸಾಯನಶಾಸ್ತ್ರಜ್ಞ ಜಾನ್ ನ್ಯಾನ್ಸಿ ಮನೆಯಲ್ಲೇ ಚಾಕೊಲೇಟ್ ಮಾಡುವ ಪ್ರಯೋಗದಲ್ಲಿ ತೊಡಗಿದ್ದರು. ಆಗ ಅವರಿಗೆ ಒದಗಿಬಂದದ್ದು ಭಾರತದ ಗ್ರೈಂಡರ್. ಮುಂದೆ ಹಲವು ದೇಶಗಳ ಸಣ್ಣ ತಯಾರಕರು ಈ ದಾರಿ ಹಿಡಿದರು.

ರುಬ್ಬುವ ಮೊದಲೇ ಹುದುಗು

ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೋ ಬೆಳೆಯುತ್ತದೆ. ಕಾಯಿ ಒಡೆದರೆ ಬಿಳಿ ಲೋಳೆ ಮೆತ್ತಿಕೊಂಡ 30–40 ಬೀಜಗಳು ಸಿಗುತ್ತವೆ. ಈ ಹಸಿಬೀಜ ಬರೀ ಕಹಿ, ಒಗರು. ಚಾಕೊಲೇಟಿನ ಪರಿಮಳವೇ ಇರುವುದಿಲ್ಲ. ಮರದ ಪೆಟ್ಟಿಗೆಯಲ್ಲಿ ರಾಶಿ ಹಾಕಿ, ಬಾಳೆಎಲೆ ಮುಚ್ಚಿ, ಆಗಾಗ ಮಗುಚುತ್ತ ಐದಾರು ದಿನ ಇಡಬೇಕು. ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಲೋಳೆಯ ಸಕ್ಕರೆಯನ್ನು ಮದ್ಯಸಾರವಾಗಿ, ಬಳಿಕ ಹುಳಿಯಾದ ಆಮ್ಲವಾಗಿ ಮಾರ್ಪಡಿಸುತ್ತವೆ. ರಾಶಿಯ ಉಷ್ಣತೆ 45–50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬೀಜ ಮೊಳೆಯುವ ಶಕ್ತಿ ಕಳೆದುಕೊಂಡು, ಪರಿಮಳಕ್ಕೆ ಮೂಲವಾದ ವಸ್ತುಗಳು ಅದರೊಳಗೆ ಹುಟ್ಟುತ್ತವೆ. ದೋಸೆಗೆ ರುಬ್ಬಿದ ಮೇಲೆ ಹುದುಗು. ಚಾಕೊಲೇಟಿಗೆ ರುಬ್ಬುವ ಮೊದಲೇ ಹುದುಗು!

ನಂತರ ಬೀಜವನ್ನು ಬಿಸಿಲಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಜಜ್ಜಿ, ಸಿಪ್ಪೆ ಹಾರಿಸಬೇಕು. ಸ್ವಲ್ಪವೇ ಇದ್ದರೆ ಮೊರವೇ ಸಾಕು. ಉಳಿದ ತುಣುಕುಗಳಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ರುಬ್ಬಲು ನೀರು ಬೇಕಿಲ್ಲ. ಕಲ್ಲುಗಳ ಉಜ್ಜಾಟದ ಬಿಸಿಗೆ ಕೊಬ್ಬು ಕರಗಿ ಎಲ್ಲವೂ ದ್ರವವಾಗುತ್ತದೆ. ಕೆಲವು ಹನಿ ನೀರು ಬಿದ್ದರೂ ಅದು ಗಂಟುಕಟ್ಟಿ ಕೆಡುತ್ತದೆ. ತೇವಾಂಶವಿರುವ ಬೆಲ್ಲ ಬಳಸುವವರು ಎಚ್ಚರ ವಹಿಸಬೇಕಾದದ್ದು ಇದೇ ಕಾರಣಕ್ಕೆ.

ಸಕ್ಕರೆ ಸೇರಿಸಿ ಒಂದರಿಂದ ಮೂರು ದಿನ ಅರೆದಾಗ ನುಣುಪು ಬರುತ್ತದೆ, ಹುಳಿವಾಸನೆಯೂ ಬಹುಮಟ್ಟಿಗೆ ಹಾರಿಹೋಗುತ್ತದೆ. ಮನೆಯ ಗ್ರೈಂಡರನ್ನು ಹೀಗೆ ದಿನಗಟ್ಟಲೆ ಓಡಿಸಿದರೆ ಮೋಟರ್ ಸುಟ್ಟೀತು. ಆದ್ದರಿಂದ ಭಾರತದ ತಯಾರಕರು ಚಾಕೊಲೇಟಿಗೆಂದೇ ಗಟ್ಟಿಮುಟ್ಟಾದ ಮಾದರಿಗಳನ್ನು ಹೊರತಂದಿದ್ದಾರೆ.

ಐದನೆಯ ಹರಳು

ಕೊನೆಯ ಪರೀಕ್ಷೆ ಹದಗೊಳಿಸುವುದು. ಕೊಕ್ಕೋ ಕೊಬ್ಬು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಹೊಳಪು, ಟಕ್ಕನೆ ಮುರಿಯುವ ಗುಣ ಕೊಡುವುದು ಐದನೆಯ ಬಗೆ. ಅದಕ್ಕಾಗಿ ಹಾಲು ಬೆರೆಸದ ಚಾಕೊಲೇಟನ್ನು 45–50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಹದ ತಪ್ಪಿದರೆ ಮೇಲೆ ಬೂದುಬಿಳಿ ಪೊರೆ ಮೂಡುತ್ತದೆ. ಅದು ಬೂಷ್ಟು ಅಲ್ಲ. ಕರಗಿಸಿ ಮತ್ತೆ ಹದಗೊಳಿಸಬಹುದು.

ಬೆಳೆದವರ ಪಾಲು

ಈ ಕಸುಬಿನ ಹಿಂದೆ ರೈತರ ಬದುಕಿನ ಪ್ರಶ್ನೆಯೂ ಇದೆ. 1980ರ ದಶಕದ ಆರಂಭದಲ್ಲಿ ಬೆಲೆ ಕುಸಿದು, ಕೊಳ್ಳುವವರು ಹಿಂದೆ ಸರಿದಾಗ ಕೊಕ್ಕೋ ಬೆಳೆಗಾರರು ಕಂಗಾಲಾದರು. 1973ರಲ್ಲಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಚಾಕೊಲೇಟ್ ಮಾಡಲು ಅಂದು ಇಡೀ ಸಂಸ್ಥೆಯ ಬಲ ಬೇಕಾಗಿತ್ತು. ಇಂದು ಒಂದು ಕುಟುಂಬವೂ ಅದಕ್ಕೆ ಕೈಹಾಕಬಹುದು.

ಹಾಗೆಂದು ಇದು ದಿಢೀರ್ ಲಾಭದ ದಾರಿಯಲ್ಲ. ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು. ನಮ್ಮ ಬೇಸಗೆಯಲ್ಲಿ ಕರಗದಂತೆ ಕಾಪಾಡಬೇಕು. ದುಬಾರಿ ಬೆಲೆ ಕೊಡುವ ಗಿರಾಕಿಗಳನ್ನೂ ಹುಡುಕಬೇಕು. ಆದರೆ ಶಾಲೆಯಲ್ಲಿ ಓದಿದ ಹುದುಗುವಿಕೆ, ಘರ್ಷಣೆ, ಹರಳು – ಇವೆಲ್ಲವನ್ನೂ ಕಣ್ಣಾರೆ ಕಂಡು, ಕೊನೆಗೆ ಬಾಯಿ ಸಿಹಿ ಮಾಡಿಕೊಳ್ಳಬೇಕೆಂಬ ತೋಟದ ಮನೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ಸಿಗಲಾರದು.