ಮೂಳೆಯ ಗುಂಡಿಗೆ ಮದ್ದಿನ ಲೋಳೆ

ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಮಕ್ಕಳಲ್ಲಿ, ಅದರಲ್ಲೂ ಮೊಣಕಾಲಿನ ಆಸುಪಾಸಿನಲ್ಲಿ. ಆಟದಲ್ಲಿ ಪೆಟ್ಟು ಬಿದ್ದಿರಬೇಕು ಎಂದುಕೊಂಡು ಮನೆಯವರು ಎಣ್ಣೆ ತಿಕ್ಕುತ್ತಾರೆ. ರಾತ್ರಿಯೂ ನೋವು ಬಿಡದೆ, ಊತ ಇಳಿಯದೆ ಹೋದಾಗ ಎಕ್ಸ್‌ರೇ ತೆಗೆಸುತ್ತಾರೆ.

ಕೆನಡಾದ ಟೆರ್ರಿ ಫಾಕ್ಸ್ ಎಂಬ ಹುಡುಗನಿಗೆ ಈ ರೋಗ ಪತ್ತೆಯಾದದ್ದು 1977ರಲ್ಲಿ, 18ನೇ ವಯಸ್ಸಿನಲ್ಲಿ. ಅವನ ಬಲಗಾಲನ್ನು ಮೊಣಕಾಲಿಗಿಂತ ಮೇಲೆ ಕತ್ತರಿಸಬೇಕಾಯಿತು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಅವನು 1980ರಲ್ಲಿ ಕೃತಕ ಕಾಲಿನಲ್ಲೇ 143 ದಿನ, 5,373 ಕಿಲೋಮೀಟರ್ ಓಡಿದ, ಮರುವರ್ಷ ತೀರಿಕೊಂಡ. ಈಗ ಬಹುಪಾಲು ರೋಗಿಗಳ ಕಾಲು ಉಳಿಯುತ್ತದೆ. ಮೊದಲು ಕೀಮೋಥೆರಪಿ ಕೊಟ್ಟು, ಆಮೇಲೆ ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮೂಳೆಯ ಸಮೇತ ತೆಗೆದು, ಆ ಜಾಗಕ್ಕೆ ಲೋಹದ ಕೀಲನ್ನೋ ಬೇರೆ ಮೂಳೆಯನ್ನೋ ಕೂರಿಸುತ್ತಾರೆ.

ಅಷ್ಟಾದರೂ ಎರಡು ಚಿಂತೆ ಉಳಿದೇ ಇರುತ್ತವೆ. ಕಣ್ಣಿಗೆ ಕಾಣದ ನಾಲ್ಕಾರು ಕ್ಯಾನ್ಸರ್ ಕೋಶಗಳು ಅಲ್ಲೇ ಅಡಗಿದ್ದರೆ? ಖಾಲಿಯಾದ ಜಾಗದಲ್ಲಿ ಮೂಳೆ ಮತ್ತೆ ಕೂಡಿಕೊಳ್ಳುವುದು ಹೇಗೆ? ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರೆ ಅದು ಮೈಯೆಲ್ಲ ಸುತ್ತುತ್ತದೆ. ಕೀಮೋಥೆರಪಿಯ ಮದ್ದುಗಳಲ್ಲಿ ಡಾಕ್ಸೊರುಬಿಸಿನ್ ಹೃದಯಕ್ಕೆ ಹಾನಿ ಮಾಡಬಹುದು, ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ.

ಮದ್ದನ್ನು ಗಾಯದ ಜಾಗದಲ್ಲೇ ಇಡುವ ಆಲೋಚನೆ ಹೊಸತಲ್ಲ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಕಾರ್ಮಸ್ಟೀನ್ ಎಂಬ ಕ್ಯಾನ್ಸರ್ ಮದ್ದು ತುಂಬಿದ ಬಿಲ್ಲೆಗಳನ್ನಿಟ್ಟು ಹೊಲಿಯಲು ಅಮೆರಿಕ 1996ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಮೂಳೆಯಲ್ಲಿ ಈ ಕೆಲಸಕ್ಕೆ ಹೈಡ್ರೋಜೆಲ್ ಒಗ್ಗೀತು ಎಂಬುದು ಸಂಶೋಧಕರ ನಂಬಿಕೆ. ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆಯಂಥದ್ದೇ ಇದು: ಬಲೆಯಂತೆ ಹೆಣೆದುಕೊಂಡ ಉದ್ದುದ್ದ ಅಣುಗಳು, ನಡುವೆ ತುಂಬ ನೀರು. ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಇಂಥ ವಸ್ತು ಮೈಗೆ ಒಗ್ಗುತ್ತದೆಂದು 1960ರಲ್ಲಿ ಪ್ರಕಟಿಸಿದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಅದರಿಂದಲೇ.

ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್‌ಗೆ ಗ್ಲಿಸರೋಫಾಸ್ಫೇಟ್ ಎಂಬ ಲವಣ ಬೆರೆಸಿ ಮಾಡುವ ಹೈಡ್ರೋಜೆಲ್‌ನಲ್ಲಿ ಒಂದು ಅನುಕೂಲವಿದೆ. ಕೋಣೆಯ ತಾಪದಲ್ಲಿ ಅದು ತೆಳ್ಳಗೆ, ಸಿರಿಂಜಿನಿಂದ ಸಲೀಸಾಗಿ ಹರಿಯುತ್ತದೆ. ಮೈಯೊಳಗಿನ 37 ಡಿಗ್ರಿ ತಾಕಿದ ಮೇಲೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ಗುಂಡಿ ಎಷ್ಟೇ ಅಂಕುಡೊಂಕಾಗಿದ್ದರೂ ಮೂಲೆಮೂಲೆಗೂ ಕೂತುಬಿಡುತ್ತದೆ. ಅದರೊಳಗಿನ ಔಷಧ ದಿನಗಟ್ಟಲೆ, ವಾರಗಟ್ಟಲೆ ಒಸರುತ್ತದೆ.

ನಿಜವಾದ ಕಗ್ಗಂಟು ಇರುವುದು ಮುಂದೆ. ಮೂಳೆ ಬೆಳೆಸುವ ಸಂಕೇತ ಕ್ಯಾನ್ಸರ್ ಕೋಶಕ್ಕೂ ಬೆಳೆಯಲು ಕುಮ್ಮಕ್ಕು ಕೊಡಬಹುದು. ಬಿಎಂಪಿ-2 ಎಂಬ ಮೂಳೆ ಬೆಳೆಸುವ ಪ್ರೋಟೀನಿನ ಉತ್ಪನ್ನಕ್ಕೆ 2002ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಗಡ್ಡೆ ತೆಗೆದ ಜಾಗದಲ್ಲಿ ಬಳಸಕೂಡದು ಎಂಬ ಎಚ್ಚರಿಕೆ ಅದರ ಜೊತೆಗೇ ಇದೆ. ಹಾಗಾಗಿ ಲೋಳೆಗೆ ಸರದಿ ಕಲಿಸಬೇಕು: ಮೊದಲು ಕೊಲ್ಲುವ ಮದ್ದು, ಅದರ ಕೆಲಸ ಮುಗಿದ ಮೇಲೆ ಕಟ್ಟುವ ಮದ್ದು. ಮೊದಲನೆಯದನ್ನು ಲೋಳೆಯಲ್ಲೇ ಬೆರೆಸಿ, ಎರಡನೆಯದನ್ನು ತಡವಾಗಿ ಕರಗುವ ಸೂಕ್ಷ್ಮ ಗುಳಿಗೆಗಳಲ್ಲಿ ಅಡಗಿಸಿಡುವುದು ಒಂದು ದಾರಿ. ಪ್ರೋಟೀನಿನ ಗೊಡವೆಯೇ ಬೇಡವೆಂದು ಕ್ಯಾಲ್ಸಿಯಂ ಫಾಸ್ಫೇಟ್, ಮೆಗ್ನೀಸಿಯಂಗಳನ್ನು ನೆಚ್ಚಿದವರೂ ಇದ್ದಾರೆ.

ಇಲಿ, ಮೊಲಗಳಲ್ಲಿ ಫಲಿತಾಂಶ ಆಶಾದಾಯಕವಾಗಿಯೇ ಇದೆ. ಆದರೆ ಇಲಿಯ ಮೂಳೆಯಲ್ಲಿ ಕೊರೆಯುವ ತೂತು ಕೆಲವೇ ಮಿಲಿಮೀಟರ್. ಮನುಷ್ಯರ ತೊಡೆಮೂಳೆಯಲ್ಲಿ ಹತ್ತಾರು ಸೆಂಟಿಮೀಟರ್ ಹೋಗಿರುತ್ತದೆ. ಅಷ್ಟು ಅಗಲದ ಜಾಗದಲ್ಲಿ ಲೋಳೆಯೊಂದೇ ಮೈಭಾರ ಹೊರಲಾರದು, ಲೋಹದ ಅಥವಾ ತ್ರೀಡಿ ಮುದ್ರಿತ ಚೌಕಟ್ಟಿನ ಆಸರೆ ಬೇಕೇ ಬೇಕು. ಜೈಂಟ್ ಸೆಲ್ ಗಡ್ಡೆ ಎಂಬ ಇನ್ನೊಂದು ಬಗೆಯ ಮೂಳೆ ಗಡ್ಡೆಯ ಕಥೆ ಬೇರೆ. ಅಲ್ಲಿ ಸರ್ಜನ್ ಮೂಳೆಯ ಒಳಗನ್ನು ಕೆರೆದು ತೆಗೆಯುತ್ತಾರೆ, ಹೊರಗೋಡೆ ಉಳಿಯುತ್ತದೆ. ಇವತ್ತು ಆ ಪೊಳ್ಳಿಗೆ ಹೆಚ್ಚಾಗಿ ತುಂಬುವುದು ಮೂಳೆ ಸಿಮೆಂಟ್. ಅದು ಎಂದಿಗೂ ಮೂಳೆಯಾಗುವುದಿಲ್ಲ. ಮದ್ದಿನ ಲೋಳೆ ರೋಗಿಗಳ ಬಳಿಗೆ ಬರುವುದಾದರೆ ಮೊದಲು ಇಂಥ ಪೊಳ್ಳುಗಳಿಗೇ ಬರುವ ಸಂಭವ ಹೆಚ್ಚು.