ವಿದ್ಯುತ್ ತೊರಕೆಯೂ ಮುಟ್ಟಿದರೆ ಮುನಿಯೂ

ಗಡಹಿಂಗ್ಲಜಕ್ಕೆ ದಕ್ಷಿಣದಲ್ಲಿರುವ ನೇಸರಿಯ ಸೀಮೆಯಲ್ಲಿ, ಮಳೆ ಹಿಡಿದೊಡನೆ ಹಾದಿಯ ಬದಿಗಳಲ್ಲಿ ಹಬ್ಬುವ ಮುಟ್ಟಿದರೆ ಮುನಿಯು, ಉಷ್ಣವಲಯದ ಅಮೆರಿಕದಿಂದ ಬಂದು ಇಲ್ಲಿಯದೇ ಆಗಿಹೋದ, ತೊಗರಿ ಶೇಂಗಾಗಳ ಕುಲಕ್ಕೆ ಸೇರಿದ ಸಸ್ಯ. ಪಶ್ಚಿಮಕ್ಕೆ ಸಹ್ಯಾದ್ರಿಯನ್ನಿಳಿದರೆ ದೊರೆಯುವ ಕಡಲಿನಲ್ಲಿ, ಮರಳಿನೊಳಗೆ ಹುದುಗಿ ಬಾಳುವ ವಿದ್ಯುತ್ ತೊರಕೆಯಾದರೋ ಶಾರ್ಕುಗಳ ಬಂಧುವಾದ ಮೃದ್ವಸ್ಥಿಯ ಮೀನು. ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲದ ಈ ಎರಡು ಜೀವಿಗಳನ್ನು ಒಂದೇ ಪ್ರಕೃತಿನಿಯಮವು ಆಳುತ್ತಿದೆ.

ತೊರಕೆಯ ತಲೆಯ ಇಕ್ಕೆಲಗಳಲ್ಲಿ ಮೂತ್ರಪಿಂಡದಾಕಾರದ ಎರಡು ಅಂಗಗಳುಂಟು. ಸ್ನಾಯುಕೋಶಗಳೇ ರೂಪಾಂತರ ಹೊಂದಿ, ಚಪ್ಪಟೆಯಾಗಿ, ಒಂದರ ಮೇಲೊಂದು ನಾಣ್ಯಗಳನ್ನು ಪೇರಿಸಿದಂತೆ ಅಲ್ಲಿ ಸ್ತಂಭಗಳಾಗಿ ನಿಂತಿವೆ. ಮಿದುಳಿನಿಂದ ಆಜ್ಞೆ ಬಂದೊಡನೆ ಪ್ರತಿಯೊಂದು ಕೋಶದ ಒಂದು ಮಗ್ಗುಲಿನಿಂದ ಸೋಡಿಯಮ್ ಅಯಾನುಗಳು ಒಳನುಗ್ಗುತ್ತವೆ. ಒಂದು ಕೋಶದಿಂದ ಹುಟ್ಟುವ ವಿಭವವು ವೋಲ್ಟಿನ ದಶಾಂಶದಷ್ಟನ್ನೂ ಮುಟ್ಟದಿದ್ದರೂ, ಸ್ತಂಭದಲ್ಲಿ ಅದು ಕೂಡುತ್ತ ಹೋಗಿ, ಅಟ್ಲಾಂಟಿಕ್ ಸಾಗರದ ದೊಡ್ಡ ಜಾತಿಯಲ್ಲಿ ಇನ್ನೂರು ವೋಲ್ಟಿನ ಸಮೀಪಕ್ಕೆ ಏರುತ್ತದೆ. 1800ರಲ್ಲಿ ವೋಲ್ಟಾ ಮಹಾಶಯನು ತನ್ನ ಬ್ಯಾಟರಿಯನ್ನು ರಚಿಸಿದಾಗ ಅದನ್ನು ಕೃತಕ ವಿದ್ಯುದಂಗವೆಂದು ಕರೆದುದು ಈ ಮೀನನ್ನು ನೆನೆದೇ.

ನಮ್ಮ ಗಿಡದಲ್ಲಿ ನರವಿಲ್ಲ, ಸ್ನಾಯುವಿಲ್ಲ. ಆದರೂ ಎಲೆಯನ್ನು ಮುಟ್ಟಿದಾಗ ಅದರ ಕೋಶಗಳಲ್ಲಿಯೂ ವಿದ್ಯುತ್ಸಂಕೇತವೊಂದು ಎದ್ದು, ಸೆಕೆಂಡಿಗೆ ಕೆಲವು ಸೆಂಟಿಮೀಟರುಗಳ ವೇಗದಲ್ಲಿ ತೊಟ್ಟಿನ ಬುಡದ ಉಬ್ಬನ್ನು ಸೇರುತ್ತದೆ. ಅಲ್ಲಿ ಪೊಟ್ಯಾಸಿಯಮ್, ಕ್ಲೋರೈಡ್ ಅಯಾನುಗಳು ಕೋಶಗಳಿಂದ ಹೊರಬೀಳುತ್ತವೆ. ಅವುಗಳ ಬೆನ್ನಿಗೇ ನೀರೂ ಹೊರಟು, ಬಿಗಿ ಕಳೆದುಕೊಂಡ ಕೋಶಗಳು ಕುಗ್ಗಿ, ಎಲೆ ಮಡಚಿಕೊಳ್ಳುತ್ತದೆ. ಆಚಾರ್ಯ ಜಗದೀಶಚಂದ್ರ ಬೋಸರು ಸ್ವತಃ ನಿರ್ಮಿಸಿದ ಸೂಕ್ಷ್ಮ ಯಂತ್ರಗಳಿಂದ ಈ ಸ್ಪಂದನಗಳನ್ನು ಅಳೆದು, ಸಸ್ಯಗಳ ಸಂವೇದನಶೀಲತೆಯನ್ನು ಕುರಿತ ತಮ್ಮ ಗ್ರಂಥವನ್ನು 1913ರಲ್ಲಿ ಪ್ರಕಟಿಸಿದರು.

ಕೋಶದ ಪೊರೆಯ ಒಳಗೂ ಹೊರಗೂ ಅಯಾನುಗಳನ್ನು ವಿಷಮವಾಗಿ ಹಂಚಿಟ್ಟು, ಬೇಕಾದಾಗ ದ್ವಾರ ತೆರೆಯುವುದು ಎರಡರಲ್ಲಿಯೂ ಕಾಣುವ ಮೂಲತತ್ತ್ವ. ಭೇದವಿರುವುದು ವಿನ್ಯಾಸದಲ್ಲಿ ಮಾತ್ರ. ಮೀನು ಆ ಶಕ್ತಿಯನ್ನು ಒಟ್ಟುಗೂಡಿಸಿ ಆಯುಧವಾಗಿ ಹೊರಕ್ಕೆಸೆಯುತ್ತದೆ. ಗಿಡವು ಅದನ್ನು ತನ್ನೊಳಗಿನ ವಾರ್ತೆಯಾಗಿ ಕಳುಹುತ್ತದೆ. ತೊರಕೆಯನ್ನು ಶಾಲೆಗೆ ತರಲಾಗದು. ಮುಟ್ಟಿದರೆ ಮುನಿಗೆ ಮಾತ್ರ ಕಾಸಿನ ಖರ್ಚೂ ಇಲ್ಲ. ನೇಸರಿಯ ಸೀಮೆಯ ಉಪಾಧ್ಯಾಯರು ಈ ಮಳೆಗಾಲದಲ್ಲಿ ಮಕ್ಕಳನ್ನು ಅದರ ಬಳಿಗೆ ಕರೆದೊಯ್ದು, ಎಲೆ ಮುಚ್ಚುವ ಮತ್ತು ಮರಳಿ ಅರಳುವ ಕಾಲವನ್ನು ಗಡಿಯಾರ ಹಿಡಿದು ಬರೆದಿಡಲು ಕಲಿಸಲಿ.